ಮರಳುವ ದಾರಿ ಕಾಯ್ದವರು ಯಾರು?

ಗನ್ನವರಂನಲ್ಲಿ ನನ್ನ ಬಾಡಿಗೆ ಕೋಣೆಗೆ ವಿಜಯವಾಡದ ವಿಮಾನಗಳ ಸದ್ದು ಹಗಲಿರುಳು ಕೇಳುತ್ತದೆ. ಮನೆ ಮಾಲೀಕರ ಇಬ್ಬರು ಮಕ್ಕಳೂ ಅಮೆರಿಕದಲ್ಲಿದ್ದಾರೆ. ಮೂರು ಮಹಡಿ ಕಟ್ಟಿಸಿ, ಕೆಳಗಿನ ಒಂದು ಭಾಗದಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದಾರೆ. ಕೃಷ್ಣಾ ಸೀಮೆಯಲ್ಲಿ ಇಂಥ ಮನೆಗಳು ಬಹಳ. ಅವರ ಮಕ್ಕಳು ಬಿಟ್ಟುಹೋದ ಊರಿಗೆ, ಐಟಿ ಕೆಲಸ ಹಿಡಿದು, ಕೊಪ್ಪಳದ ಕಡೆಯ ನಾನು ಬಂದಿದ್ದೇನೆ. ಇಲ್ಲಿ ಕೂತು ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಎರಡನೆಯ ಸಲ ಓದಿದೆ.

ಮೊದಲು ಓದಿದ್ದು ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ. ಆಗ ಅದು ನನಗೆ ರಾಮನ ಕಥೆ: ಮದರಾಸಿನಲ್ಲಿ ಓದಿ, ಚಳವಳಿಗೆ ಇಳಿದು, ಮುಂಬಯಿಯಲ್ಲಿ ಅಲೆದು, ಕೊನೆಗೆ ಕಡಲದಂಡೆಯ ಕೋಡಿಗೆ ಮರಳುವ ಹುಡುಗನ ಕಥೆ. ‘ನಾಲ್ಕು ವರ್ಷ ದುಡಿದು ಊರಿಗೆ ಹೋಗಿಬಿಡೋಣ’ ಎನ್ನುವ ನಮ್ಮ ಮಾತಿಗೆ 1941ರ ಆ ಕಾದಂಬರಿ ಸಾಕ್ಷಿ ಹೇಳುವಂತಿತ್ತು.

ಈ ಸಲ ರಾಮ ಹಿಂದೆ ಸರಿದ. ಪಾರೋತಿ, ಸರಸೋತಿ, ನಾಗವೇಣಿ ಮುಂದೆ ಬಂದರು. ಓದಲು ಹೋದ ಲಚ್ಚ ಕೆಟ್ಟು, ಆಸ್ತಿ ಕರಗಿಸಿದ ಮೇಲೂ ರಾಮನಿಗೆ ಮರಳಲು ಒಂದು ನೆಲೆ ಉಳಿದಿದ್ದರೆ ಅದು ಈ ಹೆಂಗಸರ ದುಡಿಮೆಯಿಂದ. ಊರು ಬಿಟ್ಟದ್ದರ ಲಾಭವನ್ನೂ ಕಾರಂತರು ಮುಚ್ಚಿಡುವುದಿಲ್ಲ. ಶೀನಮಯ್ಯರ ಮನೆಗೆ ಬೆಂಗಳೂರಿನ ಹೋಟೆಲಿನ ದುಡ್ಡು ಬರುತ್ತದೆ, ನೆರೆಯವರ ಹೊಟ್ಟೆ ಉರಿಯುತ್ತದೆ. ಹೋದವನ ಗಳಿಕೆ ಎಣಿಕೆಗೆ ಸಿಗುತ್ತದೆ, ಉಳಿದವರ ಗೇಯ್ಮೆ ಸಿಗುವುದಿಲ್ಲ. ಈ ವ್ಯತ್ಯಾಸವನ್ನು ಕಾದಂಬರಿ ಪುಟಪುಟದಲ್ಲೂ ತೋರಿಸುತ್ತದೆ. ನಾವು ಮಾತ್ರ ಹೆಸರಿನಲ್ಲಿರುವ ‘ಮರಳಿ’ಯನ್ನಷ್ಟೇ ನೆನಪಿಟ್ಟುಕೊಂಡೆವು.

ಯಶವಂತ ಚಿತ್ತಾಲರ ‘ಶಿಕಾರಿ’ (1979) ಇದಕ್ಕೆ ಎದುರು ದಿಕ್ಕಿನದು. ಮುಂಬಯಿ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿರುವ ನಾಗಪ್ಪನನ್ನು ಕಾರಣ ಹೇಳದೆ ಅಮಾನತು ಮಾಡುತ್ತಾರೆ. ಊರು ಬಿಟ್ಟರೆ ಹಳೆಯದನ್ನು ಕಳಚಬಹುದು ಎನ್ನುವುದು ವಲಸೆಯ ದೊಡ್ಡ ಆಸೆ. ಆದರೆ ಅವನ ಹಿಂದಿನ ಬದುಕೇ ಬೇಟೆಗಾರರ ಕೈಯ ಆಯುಧವಾಗುತ್ತದೆ. ಎಚ್ಆರ್ ಮೇಲ್ ಬಂದಾಗ ಎದೆ ನಡುಗಿದ ಯಾರಿಗೂ ಈ ಕಾದಂಬರಿ ಹಳೆಯದೆನಿಸದು. ಇಷ್ಟಾದರೂ ನಾಗಪ್ಪನ ಸಂಕಟ ಹೋದವನ ಸಂಕಟವೇ. ಅವನ ತಲೆಯೊಳಗಿಂದ ನಾವು ಹೊರಗೆ ಬರುವುದೇ ಅಪರೂಪ.

ಎರಡೂ ದೊಡ್ಡ ಕೃತಿಗಳು. ಆದರೂ ನನ್ನ ತಕರಾರು ಒಂದಿದೆ. ನಮ್ಮ ಕಡೆ ಊರು ಬಿಡುವುದಕ್ಕೆ ಇನ್ನೊಂದು ಮಾತಿದೆ, ಗುಳೆ. ಸುಗ್ಗಿ ಮುಗಿದ ಮೇಲೆ ಬಾಗಿಲಿಗೆ ಬೀಗ ಹಾಕಿ, ಮುದುಕರನ್ನು ಬಿಟ್ಟು, ಬೆಂಗಳೂರಿಗೋ ಗೋವಾಕ್ಕೋ ಹೋಗಿ ಕಟ್ಟಡ ಕಟ್ಟುವುದು; ಮುಂಗಾರಿಗೆ ಮರಳುವುದು. ನಮ್ಮಪ್ಪ ಹೀಗೆ ಹೋದವರು. ಅವರು ಪ್ರತಿ ವರ್ಷ ಮಣ್ಣಿಗೆ ಮರಳಿದರು, ಅದನ್ನು ಯಾರೂ ಆದರ್ಶ ಎನ್ನಲಿಲ್ಲ. ಓದಿದವನು ಮರಳಿದರೆ ಅದು ತತ್ವ, ಕೂಲಿಯವನು ಮರಳಿದರೆ ಅದು ಮಳೆಯ ಲೆಕ್ಕ. ವಲಸೆಯ ಬಗ್ಗೆ ಬರೆಯುವ ನಾವು, ಈ ಪತ್ರಿಕೆಯ ನಾವೂ ಸೇರಿ, ಗುಳೆಯನ್ನು ಬೇರೆ ಖಾನೆಗೆ ಹಾಕಿ ನಮ್ಮ ನೆನಪುಗಳನ್ನಷ್ಟೇ ಸಾಹಿತ್ಯ ಮಾಡುತ್ತಿದ್ದೇವೆ. ಅಪ್ಪನ ಗುಳೆಯ ದುಡ್ಡಿನಲ್ಲೇ ನಾನು ಓದಿದ್ದು. ಇದನ್ನೂ ಈವರೆಗೆ ಎಲ್ಲೂ ಬರೆದಿರಲಿಲ್ಲ.

ಅಪ್ಪ ಈಗಿಲ್ಲ. ಎರಡೆಕರೆ ಬೆದ್ದಲನ್ನು ಅವ್ವ ಒಬ್ಬಳೇ ನೋಡಿಕೊಳ್ಳುತ್ತಾಳೆ. ಮೊನ್ನೆ ಫೋನಿನಲ್ಲಿ, ‘ಮಾರಿಬಿಡು, ಇಲ್ಲಿಗೆ ಬಾ’ ಎಂದೆ.

‘ನೀ ಬರ್ತೀಯೋ ಬಿಡ್ತೀಯೋ, ಅದು ನಿನಗ ಬಿಟ್ಟಿದ್ದು. ಬಂದ್ರ ಇರಾಕ ಒಂದ್ ಮನಿ ಬ್ಯಾಡೇನು?’ ಎಂದಳು.

ಸರಸೋತಿಯನ್ನು ಅರ್ಥ ಮಾಡಿಕೊಳ್ಳಲು ನನಗೆ ಬೇರೆ ವ್ಯಾಖ್ಯಾನ ಬೇಕಾಗಲಿಲ್ಲ. ವಿಜಯವಾಡದಿಂದ ಗುಂತಕಲ್, ಬಳ್ಳಾರಿ ದಾರಿಯಾಗಿ ಹುಬ್ಬಳ್ಳಿಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ಟಿಕೆಟ್ ಮಾಡಿಸಿದ್ದೇನೆ. ನಾಲ್ಕು ದಿನದ ರಜೆ, ಅಷ್ಟೇ. ಅದನ್ನು ಮರಳುವುದು ಎನ್ನಲು ಬಾಯಿ ಬರುತ್ತಿಲ್ಲ.