ಕಿರೀಟ ಇಟ್ಟ ಕೈ ಯಾರದ್ದು?

ಸಿಸಿಲಿಯ ಪಲೆರ್ಮೊ ಊರಲ್ಲಿ ಮಾರ್ತೊರಾನ ಅಂತ ಒಂದು ಚಿಕ್ಕ ಚರ್ಚ್ ಇದೆ. ಅದರೊಳಗೆ ಬಣ್ಣದ ಚೂರುಗಳನ್ನೂ ಚಿನ್ನದ ಚೂರುಗಳನ್ನೂ ಜೋಡಿಸಿ ಮಾಡಿದ ಒಂದು ಮೊಸಾಯಿಕ್ ಚಿತ್ರ. ಎಡಕ್ಕೆ ರಾಜ, ಬಲಕ್ಕೆ ಕ್ರಿಸ್ತ. ಕ್ರಿಸ್ತ ಕೈ ಚಾಚಿ ರಾಜನ ತಲೆಗೆ ಕಿರೀಟ ಇಡುತ್ತಿದ್ದಾನೆ. ರಾಜ ಒಂಚೂರು ತಲೆ ಬಾಗಿಸಿದ್ದಾನೆ ಅಷ್ಟೇ, ಮಂಡಿ ಊರಿಲ್ಲ. ನಾನು ಇದನ್ನು ನೋಡಿದ್ದು ಫೋಟೋಗಳಲ್ಲಿ ಮಾತ್ರ, ಆದರೆ ಝೂಮ್ ಮಾಡಿ ಮಾಡಿ ನೋಡಿದ್ದೇನೆ. ಮೊದಲು ಕಣ್ಣಿಗೆ ಹೊಡೆಯೋದು ಇಬ್ಬರ ಮುಖ. ಅದೇ ಗಡ್ಡ, ಅದೇ ಉದ್ದ ಕೂದಲು. ಅಣ್ಣತಮ್ಮಂದಿರು ಅಂದರೆ ನಂಬಬಹುದು.

ಈ ರಾಜ ಎರಡನೇ ರೋಜರ್. ಅವನ ಅಪ್ಪ, ದೊಡ್ಡಪ್ಪಂದಿರು ನಾರ್ಮಂಡಿಯಿಂದ ದಕ್ಷಿಣ ಇಟಲಿಗೆ ಬಂದು ಕತ್ತಿ ಹಿಡಿದು ನೆಲ ಸಂಪಾದಿಸಿದವರು. ಸಿಸಿಲಿಯನ್ನು ಮುಸ್ಲಿಂ ದೊರೆಗಳಿಂದ ಕಿತ್ತುಕೊಂಡ ಅಪ್ಪ ಕೂಡ ಕೌಂಟ್ ಆಗಿದ್ದನೇ ಹೊರತು ರಾಜನಲ್ಲ. ಮಗನಿಗೆ ರಾಜಪಟ್ಟ ಬಂದಿದ್ದು 1130ರ ಕ್ರಿಸ್‌ಮಸ್ ದಿನ. ಆಗ ರೋಮಿನ ಪೀಠಕ್ಕೆ ಇಬ್ಬರು ಪೋಪ್‌ಗಳು ಜಗಳಕ್ಕೆ ಬಿದ್ದಿದ್ದರು. ಅವರಲ್ಲಿ ಅನಕ್ಲೀಟಸ್‌ಗೆ ಬೆಂಬಲ ಬೇಕಿತ್ತು, ರೋಜರ್‌ಗೆ ಕಿರೀಟ ಬೇಕಿತ್ತು. ಕೊಡುಕೊಳ್ಳುವ ವ್ಯವಹಾರ. ಇಷ್ಟರಲ್ಲಿ ಅನಕ್ಲೀಟಸ್ ತೀರಿಕೊಂಡ, ಚರ್ಚು ಅವನನ್ನು ಪೋಪ್ ಅಂತಲೇ ಒಪ್ಪಲಿಲ್ಲ. ಎದುರಾಳಿ ಪೋಪ್ ಇನ್ನೊಸೆಂಟ್ 1139ರಲ್ಲಿ ಸೈನ್ಯ ಕಟ್ಟಿಕೊಂಡು ಬಂದು ರೋಜರ್ ಕಡೆಯವರ ಕೈಗೆ ಸೆರೆ ಸಿಕ್ಕ. ಸೆರೆಯಲ್ಲಿ ಕೂತೇ ರೋಜರ್‌ನನ್ನು ರಾಜ ಅಂತ ಒಪ್ಪಿಕೊಂಡ. ಅಂಥ ಒಪ್ಪಿಗೆಗೆ ಎಷ್ಟು ಬೆಲೆ, ನೀವೇ ಹೇಳಿ.

ಇನ್ನೊಂದು ಸಂಗತಿ ಇದೆ. 1130ರ ಆ ದಿನ ರೋಜರ್‌ನ ತಲೆಗೆ ನಿಜವಾಗಿ ಕಿರೀಟ ಇಟ್ಟವನು ಕಾಪುವಾದ ರಾಬರ್ಟ್ ಅನ್ನೋ ಸಾಮಂತ. ಎರಡು ವರ್ಷ ಕಳೆಯೋದರೊಳಗೆ ಅದೇ ರಾಬರ್ಟ್ ತಿರುಗಿಬಿದ್ದು, ನೊಚೆರಾ ಅನ್ನೋ ಕಡೆ ರೋಜರ್‌ನ ಸೈನ್ಯವನ್ನು ಸೋಲಿಸಿದ.

ಇದನ್ನು ಓದಿದ ಮೇಲೆ ಮತ್ತೆ ಆ ಚಿತ್ರ ನೋಡಿದರೆ ಅದು ಬೇರೆಯೇ ಕಾಣುತ್ತೆ. ಚಿತ್ರದಲ್ಲಿ ಪೋಪ್ ಇಲ್ಲ, ಬಿಷಪ್ ಇಲ್ಲ, ಸಾಮಂತರ ಸುಳಿವೂ ಇಲ್ಲ. ಕೊಟ್ಟ ಮನುಷ್ಯರು ವಾಪಸ್ ಕೇಳಬಹುದು, ಇಟ್ಟ ಕೈಯೇ ಕಿತ್ತುಕೊಳ್ಳಬಹುದು. ಹಾಗಾಗಿ ಆ ಕೈಗಳನ್ನೆಲ್ಲ ಅಳಿಸಿ ಯಾರೂ ಪ್ರಶ್ನಿಸಲಾಗದ ಒಂದೇ ಕೈ ಉಳಿಸಿದ್ದಾರೆ. ಇದನ್ನು ಬರೀ ಭಕ್ತಿಚಿತ್ರ ಅಂತ ಮೆಚ್ಚಿ ಮುಂದೆ ಹೋಗೋದು ನನ್ನಿಂದ ಆಗಲ್ಲ.

ರಾಜನ ಬಟ್ಟೆ ನೋಡಿ. ಮೈಗೆ ಸುತ್ತಿರುವ ಆ ರತ್ನದ ಪಟ್ಟಿ ಕಾನ್‌ಸ್ಟಾಂಟಿನೋಪಲ್ಲಿನ ಚಕ್ರವರ್ತಿಯ ಉಡುಪು. ಆ ಚಕ್ರವರ್ತಿಗಳ ಲೆಕ್ಕದಲ್ಲೋ, ರೋಜರ್ ತಮ್ಮ ಹಳೇ ನೆಲ ಕಬಳಿಸಿ ಕೂತವನು. ಆದರೆ ತಲೆಯ ಮೇಲಿನ ಬರಹ ಅಷ್ಟು ಧೈರ್ಯ ಮಾಡಿಲ್ಲ. ಅಲ್ಲಿರೋದು ‘ರೊಗೇರಿಯೊಸ್ ರೆಕ್ಸ್’. ಅಕ್ಷರ ಗ್ರೀಕ್, ‘ರೆಕ್ಸ್’ ಅನ್ನೋ ಪದ ಲ್ಯಾಟಿನ್. ಗ್ರೀಕರು ತಮ್ಮ ಚಕ್ರವರ್ತಿಯನ್ನು ಕರೆಯುತ್ತಿದ್ದದ್ದು ‘ಬಸಿಲೆವ್ಸ್’ ಅಂತ. ‘ರೆಕ್ಸ್’ ಅಂದರೆ ಅವರಿಗೆ ಪಶ್ಚಿಮದ ಯಾವುದೋ ರಾಜ. ಬಟ್ಟೆ ಒಂದು ಹೇಳುತ್ತೆ, ಬರಹ ಇನ್ನೊಂದು. ಇಡೀ ಚಿತ್ರದಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದದ್ದು ಈ ಅಳುಕು.

ಚರ್ಚ್ ಕಟ್ಟಿಸಿದ್ದು ರಾಜ ಅಲ್ಲ ಅನ್ನೋದನ್ನೂ ಮರೆಯಬಾರದು. ಕಟ್ಟಿಸಿದವನು ಅವನ ನೌಕಾಪಡೆಯ ಮುಖ್ಯಸ್ಥ, ಆಂಟಿಯೋಕ್‌ನ ಜಾರ್ಜ್. ಅದೇ ಚರ್ಚ್‌ನ ಇನ್ನೊಂದು ಚಿತ್ರದಲ್ಲಿ ಜಾರ್ಜ್ ಮೇರಿ ಮಾತೆಯ ಕಾಲಬುಡದಲ್ಲಿ ಬೋರಲು ಬಿದ್ದಿದ್ದಾನೆ, ನೋಡಿದರೆ ಥೇಟ್ ಆಮೆ. ನಮ್ಮೂರ ಜಾತ್ರೆಯ ಫ್ಲೆಕ್ಸ್‌ಗಳಲ್ಲಿ ದುಡ್ಡು ಕೊಟ್ಟವನು ಕೆಳಗೆ ಮೂಲೆಯಲ್ಲಿ ಕೈಮುಗಿದು ನಿಂತಿರುತ್ತಾನಲ್ಲ, ಹಾಗೆ. ರಾಜ ನಿಂತಿದ್ದಾನೆ, ಅಧಿಕಾರಿ ಬಿದ್ದಿದ್ದಾನೆ. ಈ ವ್ಯತ್ಯಾಸ ಒಳಗೆ ಬಂದ ಆಸ್ಥಾನದವರಿಗೆ ಅರ್ಥವಾಗದೇ ಇರುತ್ತಾ?

ಸಿಸಿಲಿಯ ನಾರ್ಮನ್ನರ ಬಗ್ಗೆ ಯಾವ ಪ್ರವಾಸಿ ವಿಡಿಯೋ ನೋಡಿ, ‘ಸರ್ವಧರ್ಮ ಸಾಮರಸ್ಯ’ ಅನ್ನೋ ಮಾತು ಬಂದೇ ಬರುತ್ತೆ. ಆಧಾರ ಇಲ್ಲ ಅಂತಲ್ಲ. ಅರಮನೆಯ ಪ್ರಾರ್ಥನಾಮಂದಿರದ ಮರದ ಚಾವಣಿ ಅರಬ್ ಶೈಲಿಯದು. 1142ರಲ್ಲಿ ಮಾಡಿಸಿದ ನೀರಿನ ಗಡಿಯಾರದ ಶಾಸನ ಲ್ಯಾಟಿನ್, ಗ್ರೀಕ್, ಅರೇಬಿಕ್ ಮೂರರಲ್ಲೂ ಇದೆ. ಆದರೆ ನನ್ನ ಕಸುಬಿನ ಮಾತಲ್ಲಿ ಹೇಳೋದಾದರೆ ಇದು ಲೋಕಲೈಸೇಷನ್. ಮೂರು ಭಾಷೆಯವರಿಗೂ ಅವರವರ ಭಾಷೆಯಲ್ಲೇ ‘ನಾನು ರಾಜ’ ಅನ್ನೋ ಒಂದೇ ಸಂದೇಶ ಮುಟ್ಟಿಸೋದು. ಇದೇ ರೋಜರ್ 1153ರಲ್ಲಿ ತನ್ನ ನೌಕಾಪಡೆಯ ಮುಖ್ಯಸ್ಥ ಫಿಲಿಪ್‌ನನ್ನು ಗುಟ್ಟಾಗಿ ಇಸ್ಲಾಂ ಪಾಲಿಸುತ್ತಿದ್ದ ಅನ್ನೋ ಆರೋಪದ ಮೇಲೆ ಜೀವಂತ ಸುಡಿಸಿದ. ಸಾಮರಸ್ಯದ ವಿಡಿಯೋಗಳಲ್ಲಿ ಫಿಲಿಪ್ ಬರೋದೇ ಇಲ್ಲ.

ರೋಜರ್‌ನ ಕೆಂಪು ರೇಷ್ಮೆ ಮೇಲಂಗಿಯ ಕತೆಯೂ ಹೀಗೇ. ಚಿನ್ನದ ದಾರದಲ್ಲಿ ಎರಡು ಸಿಂಹಗಳು ಒಂದೊಂದು ಒಂಟೆಯನ್ನು ಕೆಡವುತ್ತಿವೆ. ಒಂಟೆ ಅಂದರೆ ಸೋತ ಅರಬರು ಅಂತ ಕೆಲವರ ಓದು. ಆದರೆ ಅಂಚಿನ ಸುತ್ತ ಇರೋದು ಅರೇಬಿಕ್ ಬರಹ. ರಾಜನ ಕಾರ್ಖಾನೆಯಲ್ಲಿ, ಹಿಜರಿ 528ರಲ್ಲಿ ತಯಾರಾದದ್ದು ಅಂತ ಹೇಳಿ ಸುಖಸಂಪತ್ತು ಹಾರೈಸುತ್ತೆ. ಅಂದರೆ 1133-34. ಪಟ್ಟಾಭಿಷೇಕ ಮುಗಿದು ಮೂರು ವರ್ಷ ಆಗಿತ್ತು.

1194ರಲ್ಲಿ ಜರ್ಮನ್ ಚಕ್ರವರ್ತಿ ಆರನೇ ಹೆನ್ರಿ ಸಿಸಿಲಿಯನ್ನು ಗೆದ್ದು, ಪಲೆರ್ಮೊದಲ್ಲೇ, ಅದೂ ಕ್ರಿಸ್‌ಮಸ್ ದಿನವೇ ಕಿರೀಟ ಹಾಕಿಸಿಕೊಂಡ. ಆಮೇಲೆ ಆ ಮೇಲಂಗಿ ಉತ್ತರಕ್ಕೆ ಹೋಯಿತು. ಮುಂದೆ ಶತಮಾನಗಳ ಕಾಲ ಜರ್ಮನ್ ಚಕ್ರವರ್ತಿಗಳು ಪಟ್ಟಾಭಿಷೇಕಕ್ಕೆ ಅದನ್ನೇ ಹೊದ್ದುಕೊಂಡರು, ಅಂಚಿನ ಅರೇಬಿಕ್ ಬರಹದ ಸಮೇತ. ಈಗ ವಿಯೆನ್ನಾದ ಅರಮನೆಯ ಖಜಾನೆಯಲ್ಲಿದೆ.