ಹುಷಾರಾಗಿ ಮನೆಗೆ ಬಂದ ಕಾವೇರಿ

ತ್ರಿವೇಣಿಯವರ ‘ಶರಪಂಜರ’ವನ್ನು ನಾನು ಓದಿದ್ದು ಆಮೇಲೆ, ಮೊದಲು ನೋಡಿದ್ದು. ಭಾನುವಾರ ಸಂಜೆ ದೂರದರ್ಶನದಲ್ಲಿ ಪುಟ್ಟಣ್ಣ ಕಣಗಾಲರ ಚಿತ್ರ ಬಂದಾಗ ಅಕ್ಕಪಕ್ಕದವರೆಲ್ಲ ನಮ್ಮ ನಡುಮನೆಯಲ್ಲಿ ಕೂತಿದ್ದರು. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದು ನೆನಪಿದೆ. ಆದರೆ ಆ ಕಣ್ಣೀರು ಒಂದು ರಾತ್ರಿಯದು. ಮಾರನೆಯ ದಿನದಿಂದ, ಕೂದಲು ಕೆದರಿಕೊಂಡು ಜೋರಾಗಿ ನಕ್ಕರೆ ಸಾಕು, “ಏನೇ ಅದು, ಶರಪಂಜರದ ಕಲ್ಪನಾ ಥರ?” ಎಂದು ಅಜ್ಜಿ ಗದರುತ್ತಿದ್ದರು. ಹೆಣ್ಣೊಬ್ಬಳ ಪರವಾಗಿ ವಾದಿಸಲು ಹೊರಟ ಕತೆ ನಮ್ಮ ಮನೆಯಲ್ಲಿ ಬೈಗುಳವಾಗಿ ಉಳಿಯಿತು. ಇದು ಹೇಗಾಯಿತು ಎಂಬ ಪ್ರಶ್ನೆಯೇ ಈ ಬರಹಕ್ಕೆ ಕಾರಣ.

ಕತೆ ಬಹುಮಂದಿಗೆ ಗೊತ್ತು. ಕಾವೇರಿ, ಸತೀಶ ಒಬ್ಬರನ್ನೊಬ್ಬರು ಮೆಚ್ಚಿ ಮದುವೆಯಾದವರು. ಎರಡನೆಯ ಹೆರಿಗೆಯ ನಂತರ ಕಾವೇರಿಯ ಮನಸ್ಸು ಕದಡುತ್ತದೆ. ಮದುವೆಗೆ ಮುಂಚಿನ, ಯಾರಿಗೂ ಹೇಳದ ನೆನಪೊಂದು, ಅದರ ಜೊತೆಗೆ ಬೆಳೆದ ಪಾಪಪ್ರಜ್ಞೆ, ಎರಡೂ ಮೇಲೆದ್ದು ಬರುತ್ತವೆ. ಅವಳು ಮಾನಸಿಕ ಆಸ್ಪತ್ರೆ ಸೇರುತ್ತಾಳೆ, ಗುಣವಾಗಿ ಮನೆಗೆ ಬರುತ್ತಾಳೆ. ಆ ಮನೆಯಲ್ಲಿ ಅವಳಿಗಾಗಿ ಉಳಿದಿರುವುದು ಸಂಶಯ, ಭಯ ಮತ್ತು ಬೇರೊಬ್ಬಳ ಕಡೆ ತಿರುಗಿದ ಗಂಡ. ಕೊನೆಗೆ ಅವಳು ಮತ್ತೆ ಆಸ್ಪತ್ರೆಗೇ ಹೋಗಬೇಕಾಗುತ್ತದೆ.

ಇದನ್ನು ಹುಚ್ಚಿನ ದುರಂತ ಎಂದು ಓದಿದವರೇ ಹೆಚ್ಚು. ನನಗೆ ಹಾಗನ್ನಿಸುವುದಿಲ್ಲ. ಇದರಲ್ಲಿ ಚಿಕಿತ್ಸೆ ಸೋಲುವುದಿಲ್ಲ. ತ್ರಿವೇಣಿ ಮನಃಶಾಸ್ತ್ರ ಓದಿದ್ದವರು; ‘ಬೆಕ್ಕಿನ ಕಣ್ಣು’ ಕಾದಂಬರಿಯಲ್ಲೂ ಅವರು ಮನಸ್ಸಿನ ಕಾಯಿಲೆಯನ್ನೇ ವಸ್ತುವಾಗಿ ಹಿಡಿದರು. ಕಾವೇರಿಗೆ ಅವರು ಕೊಟ್ಟಿದ್ದು ಹೆಸರಿಲ್ಲದ ಹುಚ್ಚನ್ನಲ್ಲ. ಹಳಬರು ಬಾಣಂತಿ ಸನ್ನಿ ಎನ್ನುತ್ತಿದ್ದ, ವೈದ್ಯರು ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಕಾಣುವ, ಸಾಮಾನ್ಯವಾಗಿ ಮೊದಲ ಎರಡು ವಾರಗಳಲ್ಲೇ ತಲೆಯೆತ್ತುವ ಕಾಯಿಲೆಗೆ ಅದು ಹತ್ತಿರದ್ದು. ತುರ್ತಾಗಿ ನೋಡಿದರೆ ಬಹುಪಾಲು ತಾಯಂದಿರು ಚೇತರಿಸಿಕೊಳ್ಳುತ್ತಾರೆ. ಕಾವೇರಿಯೂ ಚೇತರಿಸಿಕೊಂಡಳು. ಬೇರೆಯವರು “ಗುಣವಾಯಿತು” ಎಂದು ಮುಗಿಸುವ ಜಾಗದಲ್ಲಿ ತ್ರಿವೇಣಿ ನಿಜವಾದ ಕತೆಯನ್ನು ಶುರುಮಾಡಿದರು.

ಹೆಸರನ್ನೇ ನೋಡಿ. ಬಾಣಗಳಿಂದ ಮಾಡಿದ ಪಂಜರ. ಆ ಬಾಣಗಳು ದೊಡ್ಡ ಕ್ರೌರ್ಯಗಳಲ್ಲ. ನೋಟ, ಪಿಸುಮಾತು, ಅತಿಯಾದ ಎಚ್ಚರ. ಒಮ್ಮೆ ಆಸ್ಪತ್ರೆಯ ಹೆಸರು ಅಂಟಿದ ಮೇಲೆ ಅವಳ ಯಾವ ನಡೆಯೂ ಸಹಜವೆನಿಸುವುದಿಲ್ಲ. ಸಿಟ್ಟು ಬಂದರೆ ಕಾಯಿಲೆ, ಸುಮ್ಮನಿದ್ದರೂ ಕಾಯಿಲೆ, ಚೆನ್ನಾಗಿ ಅಲಂಕರಿಸಿಕೊಂಡರಂತೂ ಅದೇ. ನಮ್ಮಲ್ಲೊಂದು ಗಾದೆಯಿದೆ: ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು. ಕಾವೇರಿಯದು ಅದರ ಇನ್ನೊಂದು ರೂಪ. ನಂಬುವವರೆಗೂ ಅವಳು ಹುಷಾರಾಗಿ ಉಳಿಯಲಾರಳು, ಹುಷಾರಾಗಿ ಉಳಿಯುವವರೆಗೂ ಯಾರೂ ನಂಬರು.

ಕಾದಂಬರಿಯನ್ನು ಈ ಕಣ್ಣಿನಿಂದ ನೋಡಲು ಕಾರಣವಾದದ್ದು ಇಂಗ್ಲೆಂಡಿನಲ್ಲಿ ಆದ ನನ್ನ ಬಾಣಂತನ. ಮಗಳ ಹೆರಿಗೆ ಕಷ್ಟದ್ದಾಗಿ, ಕೊನೆಯ ಗಳಿಗೆಯಲ್ಲಿ ಶಸ್ತ್ರಚಿಕಿತ್ಸೆಯಾಗಿತ್ತು. ಆರು ವಾರವಾದರೂ ಕಣ್ಣು ಮುಚ್ಚಿದರೆ ಅದೇ ದೀಪ, ಅದೇ ಓಡಾಟ. ನನ್ನದು ಕಾವೇರಿಯ ಕಾಯಿಲೆಯಲ್ಲ, ಆಘಾತದ ಗಾಯ. ಇಲ್ಲಿ ಹೆಲ್ತ್ ವಿಸಿಟರ್ ಎಂಬ ದಾದಿ ಮನೆಗೇ ಬರುತ್ತಾರೆ. ಅವರು ಕೈಗಿತ್ತದ್ದು 1987ರಲ್ಲಿ ಪ್ರಕಟವಾದ, ಎಡಿನ್‌ಬರೋ ಹೆಸರಿನ ಹತ್ತು ಪ್ರಶ್ನೆಗಳ ಹಾಳೆ. ಹಿಂದಿನ ಏಳು ದಿನಗಳಲ್ಲಿ ನಗಲು ಆಯಿತೇ, ವಿನಾಕಾರಣ ನಿಮ್ಮನ್ನೇ ದೂಷಿಸಿಕೊಂಡಿರಾ, ಹೀಗೆ. ನಾನು ಹತ್ತಕ್ಕೂ ಸುಳ್ಳು ಉತ್ತರ ಬರೆದೆ. ನಿಜ ಹೇಳಿದರೆ ಮಗುವನ್ನು ಕಿತ್ತುಕೊಳ್ಳುತ್ತಾರೆ ಎಂಬ ಭಯ. ಪಕ್ಕದ ಕೋಣೆಯಲ್ಲಿ ಊರಿನಿಂದ ಬಂದಿದ್ದ ಅಮ್ಮ ಮಗುವಿಗೆ ಸಾಮ್ರಾಣಿ ಹೊಗೆ ಹಾಕುತ್ತಿದ್ದರು. ನನ್ನ ತಲೆಯಲ್ಲಿದ್ದದ್ದು ಮಾತ್ರ ಆ ಭಾನುವಾರದ ಸಿನಿಮಾ.

ನಾಲ್ಕು ತಿಂಗಳ ನಂತರ ನಾನೇ ಫೋನ್ ಮಾಡಿ ಥೆರಪಿಗೆ ಹೆಸರು ಬರೆಸಿದೆ. ಅಲ್ಲಿ ಪವಾಡ ನಡೆಯಲಿಲ್ಲ. ಆಘಾತದ ನೆನಪು ಮಿಕ್ಕ ನೆನಪುಗಳಂತೆ ‘ಆಗಿಹೋದದ್ದು’ ಎಂಬ ಗೂಡಿಗೆ ಸೇರುವುದಿಲ್ಲ, ಈಗಲೇ ನಡೆಯುತ್ತಿರುವಂತೆ ಮರಳುತ್ತದೆ ಎಂದು ವಿವರಿಸಿದರು. ಅಂದು ನಡೆದದ್ದನ್ನು ಮೊದಲಿನಿಂದ ಕೊನೆಯವರೆಗೆ, ಕ್ರಮವಾಗಿ, ವಾರ ವಾರ ಹೇಳಿಸಿದರು. ‘ನಾನು ಸಾಯುತ್ತೇನೆ’ ಎನ್ನಿಸಿದ ಜಾಗಕ್ಕೆ ಬಂದಾಗ, ಈಗ ನಿಮಗೆ ಗೊತ್ತಿರುವುದೇನು ಎಂದು ಕೇಳುತ್ತಿದ್ದರು. ನಾನು ಬದುಕಿದ್ದೇನೆ, ಮಗಳು ಮನೆಯಲ್ಲಿ ಆಡುತ್ತಿದ್ದಾಳೆ. ಕೇಳಲು ಸರಳ. ಹೇಳಲು ಮೈಯೆಲ್ಲ ಬೆವರುತ್ತಿತ್ತು. ಆದರೂ ಹೇಳಿ ಹೇಳಿ ಅದು ನಿಧಾನವಾಗಿ ಹಿಂದೆ ಸರಿಯಿತು.

ಆ ದಿನಗಳಲ್ಲೇ ಕಾದಂಬರಿಯನ್ನು ಓದಿದ್ದು. ಆಗ ಹೊಳೆದದ್ದು ಇದು: ಕಾವೇರಿಯೂ ಹೇಳಿದಳು. ಮುಚ್ಚಿಟ್ಟದ್ದೆಲ್ಲ ಕಾಯಿಲೆಯ ಭರದಲ್ಲಿ ಹೊರಬಿತ್ತು. ಆದರೆ ನಾನು ಹೇಳಿದ್ದು ಗುಟ್ಟು ಕಾಯುವ, ತೀರ್ಪು ಕೊಡದ ಒಂದು ಕೋಣೆಯಲ್ಲಿ. ಅವಳ ಮಾತು ಬಿದ್ದದ್ದು ಗಂಡನ ಕಿವಿಗೆ. ಕೇಳಿಸಿಕೊಳ್ಳುವವರಿದ್ದಲ್ಲಿ ಮದ್ದಾಗಬಹುದಾದ ಅದೇ ಮಾತು ಮನೆಯಲ್ಲಿ ಅವಳ ಮೇಲಿನ ಆರೋಪಪಟ್ಟಿಯಾಯಿತು. “ಮನಸ್ಸಿನಲ್ಲಿರೋದನ್ನ ಮನೆಯವರ ಹತ್ತಿರ ಹೇಳಿಕೊಂಡರೆ ಸಾಲದಾ, ಅದಕ್ಕೆ ದುಡ್ಡು ಕೊಟ್ಟು ಥೆರಪಿ ಯಾಕೆ?” ಎಂದು ಕೇಳುವವರಿಗೆ ನಾನು ಈ ಕಾದಂಬರಿಯನ್ನೇ ಓದಲು ಹೇಳುತ್ತೇನೆ.

ನನಗೆ ತಕರಾರುಗಳೂ ಇವೆ. ಕತೆಯಲ್ಲಿ ಚಿಕಿತ್ಸೆ ಒಬ್ಬಳಿಗೆ ಮಾತ್ರ. ಸತೀಶನ ಸಂಶಯಕ್ಕೆ, ನೆರೆಯವರ ಭಯಕ್ಕೆ ಮದ್ದಿಲ್ಲ. ಅವಳು ಹೇಗೆ ಗುಣವಾದಳು ಎಂಬುದಕ್ಕಿಂತ ಹೇಗೆ ಕೆಟ್ಟಳು ಎಂಬುದೇ ಓದುಗರ ಮನಸ್ಸಿನಲ್ಲಿ ನಿಲ್ಲುತ್ತದೆ. 1971ರ ಚಿತ್ರ ಈ ಓರೆಯನ್ನು ಇನ್ನಷ್ಟು ಹೆಚ್ಚಿಸಿತು. ಕಲ್ಪನಾ ಅಭಿನಯ ಅಷ್ಟು ತೀವ್ರವಾಗಿತ್ತು, ಪುಟ್ಟಣ್ಣನವರ ಕ್ಯಾಮೆರಾ ಅದನ್ನು ಅಷ್ಟು ಪ್ರೀತಿಸಿತು. ಹಾಗಾಗಿ ನಮ್ಮ ನೆನಪಿನಲ್ಲಿ ಉಳಿದದ್ದು ಕೆದರಿದ ಕೂದಲು, ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮನೆಯವರಲ್ಲ. ಬಾಣ ಬಿಟ್ಟವರು ತೆರೆಯ ಅಂಚಿಗೆ ಸರಿದರು. ನಮ್ಮಜ್ಜಿಯ ಬೈಗುಳ ಹುಟ್ಟಿದ್ದು ಅಲ್ಲಿ.

ಮನೆಯನ್ನೂ ಚಿಕಿತ್ಸೆಯೊಳಗೆ ತರಬಹುದು ಎಂಬುದು ನಮ್ಮ ದೇಶಕ್ಕೆ ಗೊತ್ತಿಲ್ಲದ್ದಲ್ಲ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ಆವರಣದಲ್ಲೇ ಡೇರೆಗಳಲ್ಲಿ ಉಳಿಸಿಕೊಂಡಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ–ಮಗುವಿನ ಘಟಕವಿದೆ. ಬಾಣಂತಿಯನ್ನು ಕೂಸಿನಿಂದ ಬೇರ್ಪಡಿಸದೆ ನೋಡಿಕೊಳ್ಳುತ್ತಾರೆ. ಇಂಗ್ಲೆಂಡಿನಲ್ಲೂ ಅಂಥ ಘಟಕಗಳಿವೆ. ಹಾಳೆಯಲ್ಲಿ ಸುಳ್ಳು ಬರೆದ ದಿನ ಎರಡೂ ನನಗೆ ಗೊತ್ತಿರಲಿಲ್ಲ.

ಗೊತ್ತಾಗದಿರಲು ನಾವೂ ಕಾರಣ. ಊರು ಬಿಟ್ಟು ಬಂದವರ ಕನ್ನಡ ಬಳಗ ಪುಟ್ಟದು, ಬೆಚ್ಚಗಿನದು. ಯುಗಾದಿ ಊಟಕ್ಕೆ ಒಬ್ಬಳು ಬಾರದಿದ್ದರೆ ಅಡುಗೆಮನೆಯಲ್ಲಿ ದನಿ ತಗ್ಗುತ್ತದೆ: “ಏನೋ ಟ್ಯಾಬ್ಲೆಟ್ ತಗೋತಿದಾಳಂತೆ.” ಆ ‘ಅಂತೆ’ ಕೂಡ ಬಾಣವೇ. ನಾನೂ ಬಿಟ್ಟಿದ್ದೇನೆ. ಮುಂದಿನ ಸಲ ಅವಳು ಬಂದಾಗ ನಾವು ಅವಳ ನಗುವನ್ನು ಅಳೆಯುತ್ತೇವೆ.

ತ್ರಿವೇಣಿ 1963ರಲ್ಲಿ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಬಾಣಂತಿಯ ಕತೆಯನ್ನು ಕನ್ನಡಕ್ಕೆ ಕೊಟ್ಟವರು ಬಾಣಂತಿಯಾಗಿಯೇ ಹೋದರು. ಕಳೆದ ಬೇಸಿಗೆಯಲ್ಲಿ ಅಮ್ಮ ಮತ್ತೆ ಬಂದಾಗ ಪುಸ್ತಕವನ್ನು ಅವರ ಕೈಗಿಟ್ಟೆ. ಸಿನಿಮಾ ನೋಡಿದ್ದೀನಲ್ಲ ಎಂದರು, ಆದರೂ ಓದಿದರು. ಎರಡನೆಯ ದಿನ ಸಂಜೆ, ಕನ್ನಡಕ ತೆಗೆದು, ಯಾರ ಮೇಲೋ ಸಿಟ್ಟಾದವರಂತೆ ಕೇಳಿದರು: “ಅಲ್ವೇ, ಇವಳು ಹುಷಾರಾಗಿಯೇ ಬಂದಿದ್ದಳಲ್ಲೇ?”