ಬೇನೆ, ಅರಿವಳಿಕೆ, ಸಹಿ: ಹೆರಿಗೆಯ ಒಪ್ಪಿಗೆ ಪತ್ರದ ಕನ್ನಡವನ್ನು ಕುರಿತು

ಹೆರಿಗೆಯ ನೋವನ್ನು ಮದ್ದಿನಿಂದ ಇಳಿಸಬಹುದೇ ಎಂಬ ಆಧುನಿಕ ಚರ್ಚೆಯಲ್ಲಿ ಮೊದಮೊದಲೇ ಒಂದು ಪದದ ಅರ್ಥದ ಪ್ರಶ್ನೆ ಎದ್ದಿತ್ತು. 1847ರಲ್ಲಿ ಎಡಿನ್‌ಬರೋದ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆಯಲ್ಲಿ ಕ್ಲೋರೋಫಾರ್ಮ್ ಬಳಸಿದರು. ಹೆಣ್ಣು ನೋವುಂಡೇ ಹಡೆಯಬೇಕೆಂಬುದು ಬೈಬಲ್ಲಿನ ವಿಧಿ ಎಂಬ ಆಕ್ಷೇಪಕ್ಕೆ ಅವರು ಅದೇ ವರ್ಷ ಒಂದು ಕಿರುಹೊತ್ತಿಗೆಯಲ್ಲಿ ಉತ್ತರ ಕೊಟ್ಟರು. ಆದಿಕಾಂಡದ ಆ ಹೀಬ್ರೂ ಪದಕ್ಕೆ ನೋವು ಎಂಬುದಕ್ಕಿಂತ ಶ್ರಮ, ದುಡಿಮೆ ಎಂಬ ಅರ್ಥವೇ ಸಲ್ಲುತ್ತದೆ ಎಂಬುದು ಅವರ ಉತ್ತರದ ಒಂದು ಮುಖ್ಯ ಎಳೆ. ಆ ವ್ಯಾಖ್ಯಾನ ಸರಿಯೇ ಎಂಬ ಪ್ರಶ್ನೆ ಇಲ್ಲಿ ನಮ್ಮದಲ್ಲ. ಹೆರುವವಳಿಗೆ ಏನು ಸಿಗಬೇಕು ಎಂಬುದನ್ನು ಒಂದು ಪದದ ಅರ್ಥವೇ ತಡೆದು ನಿಲ್ಲಿಸಬಲ್ಲುದು ಎಂಬುದು ಮಾತ್ರ ಆ ಪ್ರಸಂಗದಿಂದ ಸ್ಪಷ್ಟವಾಗುತ್ತದೆ. ಕನ್ನಡದಲ್ಲಿ ಇಂಥ ತಡೆ ಎಲ್ಲೆಲ್ಲಿದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪರಿಶೀಲನೆಗೆ ನಾವು ಆರಿಸಿಕೊಂಡದ್ದು ಒಂದು ಗದ್ಯಪ್ರಕಾರವನ್ನು: ಆಸ್ಪತ್ರೆಗಳ ಒಪ್ಪಿಗೆ ಪತ್ರ. ಯಾವುದೋ ಒಂದು ಆಸ್ಪತ್ರೆಯ ಪತ್ರ ನಮ್ಮ ಗುರಿಯಲ್ಲ. ಕರ್ನಾಟಕದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸದೊಡನೆ ವಾಡಿಕೆಯಲ್ಲಿರುವ ಅದರ ಶೈಲಿಯನ್ನು ನಾವು ವಿಮರ್ಶಿಸುತ್ತೇವೆ. ಆ ಶೈಲಿಯನ್ನು ಒರೆಹಚ್ಚಲು ಹಾವೇರಿ ಜಿಲ್ಲೆಯ ಕಾಗಿನೆಲೆ ಸುತ್ತಿನ ಆಡುಮಾತನ್ನು ಎದುರಿಗಿಟ್ಟುಕೊಂಡಿದ್ದೇವೆ. ಕನಕದಾಸರ ಹೆಸರಿನೊಡನೆ ನಾಡಿಗೆಲ್ಲ ಪರಿಚಿತವಾದ ಈ ಊರು ಬ್ಯಾಡಗಿ ತಾಲ್ಲೂಕಿನಲ್ಲಿದೆ. ಇಲ್ಲಿಯ ಬಸುರಿಯ ಹೆರಿಗೆ ತೊಡಕಾದರೆ ದಾರಿ ಬ್ಯಾಡಗಿಗೆ, ಅಲ್ಲಿಂದ ಹಾವೇರಿಗೆ. ಆ ದಾರಿಯ ಕೊನೆಯಲ್ಲಿ ಅವಳ ಮುಂದೆ ಒಂದು ಪತ್ರ ಬರುತ್ತದೆ. ಅದರ ಲಿಪಿ ಕನ್ನಡ. ಅದರ ಮಾತು ಅವಳ ಕನ್ನಡವೇ ಎಂಬುದು ಪ್ರಶ್ನೆ.

1. ಬೇನೆ

ಶಿಷ್ಟ ಕನ್ನಡದಲ್ಲಿ ನೋವು, ಬೇನೆ, ವೇದನೆ ಸಮಾನಾರ್ಥಕಗಳಂತೆ ಬಳಕೆಯಾಗುತ್ತವೆ. ಹಾವೇರಿ ಸೀಮೆಯ ಮಾತಿನಲ್ಲಿ ಹಾಗಿಲ್ಲ. ತಲೆ, ಕೈಕಾಲು ‘ನೋಯುತ್ತವೆ’. ಹೆರುವವಳಿಗೆ ಬರುವುದು ‘ಬ್ಯಾನಿ’. ಬೇನೆ ಎಂದರೆ ಕಾಯಿಲೆ ಎಂಬ ಅರ್ಥವೂ ಅಲ್ಲಿ ಉಂಟು, ಆದರೆ ದಿನ ತುಂಬಿದವಳ ವಿಷಯದಲ್ಲಿ ಆ ಪದ ಹೆರಿಗೆಗೇ ಮೀಸಲು. ಈ ಅರ್ಥ ಹಳೆಯದು. 12ನೆಯ ಶತಮಾನದ ಅಕ್ಕಮಹಾದೇವಿಯ ಹೆಸರಿನ ವಚನವೊಂದರಲ್ಲಿಯೂ ಬೇನೆ ಎಂದರೆ ಹೆರಿಗೆಯ ನೋವೇ.

‘ಬ್ಯಾನಿ ಬರಾಕತ್ತಾವ’ ಎಂಬ ಮಾತಿನಲ್ಲಿ ಕ್ರಿಯಾಪದ ಬಹುವಚನದಲ್ಲಿದೆ. ಬಂದು ಹೋಗುವ, ಎಣಿಸಬಹುದಾದ ಒಂದೊಂದು ಬಿಗಿತವೂ ಇಲ್ಲಿ ಒಂದೊಂದು ಬೇನೆ. ಹೀಗಾಗಿ ವೈದ್ಯಶಾಸ್ತ್ರ ಎರಡೆಂದು ತಿಳಿಯುವುದನ್ನು ಈ ಪದ ಒಂದಾಗಿ ಹಿಡಿದಿದೆ: ಗರ್ಭಕೋಶದ ಸಂಕೋಚನ ಮತ್ತು ಅದರಿಂದಾಗುವ ನೋವು. ಸಾವಿರಾರು ವರ್ಷ ಇವೆರಡನ್ನು ಬೇರ್ಪಡಿಸುವ ಉಪಾಯವೇ ಇರಲಿಲ್ಲವಾದ್ದರಿಂದ ಒಂದೇ ಪದ ಸಾಕಾಗಿತ್ತು. ಎಪಿಡ್ಯೂರಲ್ ಎಂಬ ವಿಧಾನ ಮಾಡುವ ಕೆಲಸ ಇವೆರಡನ್ನು ಬೇರ್ಪಡಿಸುವುದೇ. ಬೆನ್ನುಹುರಿಯ ಹೊದಿಕೆಯ ಹೊರಗೆ ಸಣ್ಣ ನಳಿಕೆಯೊಂದನ್ನು ಇಟ್ಟು ಅದರ ಮೂಲಕ ಮದ್ದು ಹನಿಸಿದಾಗ ನೋವಿನ ಅರಿವು ಇಳಿಯುತ್ತದೆ, ಸಂಕೋಚನ ಮುಂದುವರಿಯುತ್ತದೆ.

ಇದನ್ನು ಕನ್ನಡದಲ್ಲಿ ‘ಬೇನೆ ಕಡಿಮೆ ಮಾಡುವ ಸೂಜಿ’ ಎಂದು ವಿವರಿಸಿದರೆ ಏನಾಗುತ್ತದೆ? ಕೇಳಿದವಳ ಭಾಷೆಯಲ್ಲಿ ಬೇನೆ ಕಡಿಮೆಯಾಗುವುದು ಸಿಹಿಸುದ್ದಿಯಲ್ಲ. ‘ಬ್ಯಾನಿ ನಿಂತಾವ’ ಎಂದರೆ ಹೆರಿಗೆ ತಡೆಯಿತು, ಮಗುವಿಗೆ ಕುತ್ತು ಎಂದರ್ಥ. ಬೇನೆಯೇ ಇಲ್ಲದೆ ಹಡೆಯುವುದು ಹೇಗೆ ಎಂದು ಅತ್ತೆಯೋ ತಾಯಿಯೋ ಕೇಳಿದರೆ ಅದನ್ನು ಅಜ್ಞಾನವೆಂದು ಬದಿಗೊತ್ತುವವರುಂಟು. ಆ ಪ್ರಶ್ನೆ ಪದದ ಅರ್ಥಕ್ಕೆ ನಿಷ್ಠವಾದದ್ದು. ತಪ್ಪಿರುವುದು ವಿವರಣೆಯಲ್ಲಿ. ಈ ಗೊಂದಲದಲ್ಲಿ ಬೇಡವೆಂದವಳು ನಿಜವಾಗಿ ಬೇಡವೆಂದದ್ದು ಹೆರಿಗೆ ನಿಲ್ಲಿಸುವ ಮದ್ದನ್ನು. ಅಂಥದ್ದನ್ನು ಅವಳಿಗೆ ಯಾರೂ ಕೊಡಲು ಹೊರಟಿರಲಿಲ್ಲ. ಅವಳ ನಿರಾಕರಣೆಯೂ ಆಗ ತಿಳಿದು ಕೊಟ್ಟ ನಿರಾಕರಣೆಯಾಗುವುದಿಲ್ಲ.

ಇದರ ಮಗ್ಗುಲಲ್ಲೇ ಇನ್ನೊಂದು ವೈಷಮ್ಯವಿದೆ. ಆಕ್ಸಿಟೋಸಿನ್ನಿಗೆ ನಮ್ಮ ಜನ ಹೆಸರಿಟ್ಟಿದ್ದಾರೆ: ನೋವು ಬರಿಸುವ ಇಂಜೆಕ್ಷನ್, ಬ್ಯಾನಿ ಸೂಜಿ. ನೋವು ಬರಿಸುವ ಮದ್ದಿಗೆ ಹಳ್ಳಿಯವರೆಗೂ ಹೆಸರು ತಲುಪಿದೆ, ನೋವು ಇಳಿಸುವ ಮದ್ದಿಗೆ ತಲುಪಿಲ್ಲ. ಜನರಿಗೆ ಯಾವುದರ ಪರಿಚಯವಾಗಿದೆ ಎಂಬುದಕ್ಕೆ ಈ ಪದಸಂಪತ್ತೇ ಸಾಕ್ಷಿ.

2. ಅರಿವಳಿಕೆ

ಪತ್ರದಲ್ಲಿ ಈ ಮದ್ದಿಗೆ ಸಿಗುವ ಹೆಸರು ‘ಅರಿವಳಿಕೆ’. ಅರಿವು ಅಳಿಯುವುದು ಎಂಬ ಈ ರಚನೆ ಅಚ್ಚಗನ್ನಡದ್ದು, ಅರ್ಥ ಪಾರದರ್ಶಕವಾದದ್ದು. ಪೂರ್ಣ ಪ್ರಜ್ಞೆ ತಪ್ಪಿಸುವ ಶಸ್ತ್ರಚಿಕಿತ್ಸೆಯ ಸಂದರ್ಭಕ್ಕೆ ಇದಕ್ಕಿಂತ ಒಳ್ಳೆಯ ಪದ ಸಿಗಲಾರದು. ಹೆರಿಗೆಯ ನೋವಿನ ಸಂದರ್ಭದಲ್ಲಿ ಆ ಪಾರದರ್ಶಕತೆಯೇ ದೋಷವಾಗುತ್ತದೆ. ಎಪಿಡ್ಯೂರಲ್ ಪಡೆದವಳು ಎಚ್ಚರವಾಗಿರುತ್ತಾಳೆ, ಮಾತಾಡುತ್ತಾಳೆ, ಮಗುವಿನ ಮೊದಲ ಅಳು ಕೇಳುತ್ತಾಳೆ. ಪದ ಮಾತ್ರ ಅವಳ ಅರಿವು ಅಳಿಯುತ್ತದೆ ಎನ್ನುತ್ತದೆ. ಅಪಾರದರ್ಶಕವಾದ ಪರಭಾಷಾ ಪದ ಕೇಳಿದವಳು ‘ಹಂಗಂದ್ರೇನ್ರಿ?’ ಎಂದು ಕೇಳಿಯಾಳು. ಅರ್ಥವಾದಂತೆ ತೋರುವ ಪದ ಕೇಳಿದವಳು ಪ್ರಶ್ನೆಯನ್ನೇ ಕೇಳುವುದಿಲ್ಲ.

ಆಡುಮಾತಿನ ‘ಬೆನ್ನಿನ ಸೂಜಿ’ಯೂ ನಮ್ಮನ್ನು ಪಾರುಮಾಡದು. ಸಿಸೇರಿಯನ್ನಿಗೆ ಒಮ್ಮೆ ಚುಚ್ಚುವ ಸೂಜಿಗೂ ಹೆರಿಗೆಯುದ್ದಕ್ಕೂ ನಳಿಕೆಯಿಂದ ಹನಿಸುವ ಮದ್ದಿಗೂ ಅದು ಒಂದೇ ಹೆಸರು. ಬೆನ್ನಿನ ಸೂಜಿಯಿಂದ ಜೀವನಪೂರ್ತಿ ಬೆನ್ನುನೋವು ಎಂಬ ನಂಬಿಕೆ ಆ ಹೆಸರಿನ ಜೊತೆಗೇ ಬರುತ್ತದೆ. ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2018ರ ಕಾಕ್ರೇನ್ ಪರಾಮರ್ಶೆ ದೀರ್ಘಕಾಲದ ಬೆನ್ನುನೋವಿನಲ್ಲಾಗಲಿ ಸಿಸೇರಿಯನ್ ಪ್ರಮಾಣದಲ್ಲಾಗಲಿ ಎಪಿಡ್ಯೂರಲ್‌ನಿಂದ ವ್ಯತ್ಯಾಸ ಕಾಣಲಿಲ್ಲ. ನಿಜವಾದ ತೊಂದರೆಗಳು ಬೇರೆ ಇವೆ: ರಕ್ತದೊತ್ತಡ ಇಳಿಯಬಹುದು, ಕಾಲು ಭಾರವಾಗಬಹುದು, ಮಗು ಹೊರಬರುವ ಹಂತ ಉದ್ದವಾಗಬಹುದು, ಹೊದಿಕೆಗೆ ತೂತು ಬಿದ್ದರೆ ಸುಮಾರು 100ರಲ್ಲಿ ಒಬ್ಬರಿಗೆ ತೀವ್ರ ತಲೆನೋವು ಬರಬಹುದು. ಇಲ್ಲದ ತೊಂದರೆಗೆ ಅಂಜಿ, ಇರುವ ತೊಂದರೆಯನ್ನು ತಿಳಿಯದೆ ಹಾಕಿದ ಸಹಿಗೆ ಒಪ್ಪಿಗೆ ಎಂಬ ಹೆಸರು ಹೇಗೆ ಸಲ್ಲುತ್ತದೆ?

3. ‘ತಿಳಿಸಲಾಗಿದೆ’

ಒಪ್ಪಿಗೆ ಪತ್ರದ ಬೆನ್ನೆಲುಬಾದ ವಾಕ್ಯ ಹೀಗಿರುತ್ತದೆ: ‘ಚಿಕಿತ್ಸೆಯ ಸಾಧಕ ಬಾಧಕಗಳನ್ನು ನನಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಲಾಗಿದೆ.’ ಮಾತಿನಲ್ಲಿ ಅಪರೂಪವಾದ, ಕಚೇರಿಯ ಗದ್ಯದಲ್ಲಿ ಬೆಳೆದ ಈ ಕರ್ಮಣಿ ರೂಪದಲ್ಲಿ ಕರ್ತೃ ಇಲ್ಲ. ತಿಳಿಸಿದವರು ಯಾರು, ಯಾವಾಗ, ಎಷ್ಟು ಹೊತ್ತು ಎಂಬುದಕ್ಕೆ ವಾಕ್ಯದಲ್ಲಿ ಜಾಗವಿಲ್ಲ.

ಇದಕ್ಕಿಂತ ಗಂಭೀರವಾದದ್ದು ಧಾತುವಿನ ಆಯ್ಕೆ. ಕನ್ನಡದಲ್ಲಿ ತಿಳಿ ಮತ್ತು ತಿಳಿಸು ಬೇರೆ ಬೇರೆ ಘಟನೆಗಳು. ‘ತಿಳಿಸಿದರು, ಆದರೆ ನನಗೆ ತಿಳಿಯಲಿಲ್ಲ’ ಎಂಬ ವಾಕ್ಯದಲ್ಲಿ ಯಾವ ವಿರೋಧವೂ ಇಲ್ಲ. ಪ್ರೇರಣಾರ್ಥಕ ರೂಪ ಹೇಳುವವರ ಕೆಲಸವನ್ನು ದಾಖಲಿಸುತ್ತದೆ. ಕೇಳಿದವಳಲ್ಲಿ ಏನಾಯಿತು ಎಂಬುದನ್ನು ‘ನನಗೆ ತಿಳಿಯಿತು’ ಎಂಬ ಚತುರ್ಥಿಯ ವಾಕ್ಯ ಮಾತ್ರ ದಾಖಲಿಸಬಲ್ಲುದು. ಪತ್ರ ಹೆಸರಿಗೆ ಅವಳದು, ಸಾಕ್ಷ್ಯ ನುಡಿಯುವುದು ಆಸ್ಪತ್ರೆಯ ಪರವಾಗಿ. ಅರ್ಥವಾಗುವ ಭಾಷೆ ಎಂಬ ಮಾತನ್ನು ಲಂಬಾಣಿ ಅಥವಾ ಉರ್ದು ಮನೆಮಾತಿನವಳು ಈ ಕನ್ನಡದಲ್ಲಿಯೇ ಓದಬೇಕಾಗಿ ಬರುವುದು ಇದೇ ದೋಷದ ಇನ್ನೊಂದು ಮುಖ.

ಕಾನೂನು ಕೇಳುವುದು ಇದನ್ನಲ್ಲ. ಸಮೀರಾ ಕೊಹ್ಲಿ ಪ್ರಕರಣದ 2008ರ ತೀರ್ಪಿನಲ್ಲಿ ನಮ್ಮ ಸುಪ್ರೀಂ ಕೋರ್ಟು ಚಿಕಿತ್ಸೆಯ ಸ್ವರೂಪ, ಉದ್ದೇಶ, ಪರಿಣಾಮ, ಇರುವ ಬದಲಿ ದಾರಿಗಳು, ಮುಖ್ಯ ಅಪಾಯಗಳು, ನಿರಾಕರಿಸಿದರೆ ಆಗುವುದೇನು ಎಂಬಷ್ಟನ್ನು ರೋಗಿ ತಿಳಿದಿರಬೇಕು ಎಂದಿತು. ಪ್ರಜ್ಞೆ ತಪ್ಪಿಸಲ್ಪಟ್ಟ ವಯಸ್ಕ ಹೆಣ್ಣುಮಗಳ ಪರವಾಗಿ ಹೊರಗೆ ಕುಳಿತಿದ್ದ ತಾಯಿ ಕೊಟ್ಟ ಒಪ್ಪಿಗೆ, ಜೀವಾಪಾಯದ ತುರ್ತು ಇಲ್ಲದಿದ್ದಾಗ, ಒಪ್ಪಿಗೆಯಾಗದು ಎಂದೂ ಅದು ಹೇಳಿತು. ಹೆರಿಗೆಯೊಂದಕ್ಕೇ ಸಂಬಂಧಿಸಿದ ಮಾಂಟ್‌ಗೊಮೆರಿ ಪ್ರಕರಣದಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು 2015ರಲ್ಲಿ ಇನ್ನೂ ನೇರವಾಗಿ ನುಡಿಯಿತು: ಗ್ರಹಿಸಲಾಗದ ತಾಂತ್ರಿಕ ವಿವರವನ್ನು ಸುರಿಯುವುದರಿಂದಾಗಲಿ ವಾಡಿಕೆಯಂತೆ ಸಹಿ ಕೇಳುವುದರಿಂದಾಗಲಿ ವೈದ್ಯರ ಕರ್ತವ್ಯ ಮುಗಿಯದು.

ಆದರೂ ಪತ್ರದ ‘ನಾನು’ ಎಷ್ಟೋ ಸಲ ಗಂಡನೋ ತಂದೆಯೋ ಆಗಿರುತ್ತಾನೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿನಡಾವಳಿಯ ನಿಯಮ 7.16 ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಡುವವರನ್ನು ಪಟ್ಟಿ ಮಾಡುವಾಗ ಗಂಡ ಅಥವಾ ಹೆಂಡತಿಯನ್ನು ಮೊದಲು, ರೋಗಿಯನ್ನು ಕೊನೆಯಲ್ಲಿ ಇಟ್ಟಿದೆ. ಕನ್ನಡದ ಪತ್ರ ಆ ಅನುಕ್ರಮವನ್ನು ಉತ್ತಮ ಪುರುಷ ಸರ್ವನಾಮದಲ್ಲೇ ಉಳಿಸಿಕೊಂಡಿದೆ.

ಇಲ್ಲಿಯ ಬಾಯಿಮಾತಿನ ಕ್ರಿಯಾಪದ ಬೇರೆಯೇ. ಹೆರು ಎಂಬುದರ ಹಳಗನ್ನಡ ರೂಪ ಪೆಱು, ಹಡೆ ಎಂಬುದರದು ಪಡೆ. ಎರಡಕ್ಕೂ ಮೂಲ ಅರ್ಥ ಹೊಂದುವುದು, ಪಡೆಯುವುದು. ‘ಹಡದಾಳ’ ಎಂದಾಗ ಅವಳೇ ಕರ್ತೃ. ‘ಹೆರಿಗೆ ಮಾಡಿಸಲಾಯಿತು’ ಎಂದಾಗ ಅವಳು ವಾಕ್ಯದಿಂದಲೇ ಹೊರಗೆ.

4. ಒಪ್ಪುವುದು ಮತ್ತು ಬೇಕೆನ್ನುವುದು

ಒಪ್ಪು ಎಂಬ ಕ್ರಿಯೆಗೆ ಮೊದಲು ಇನ್ನೊಬ್ಬರ ಪ್ರಸ್ತಾಪ ಇರಬೇಕು. ಗರ್ಭಕೋಶ ತೆಗೆಯುವ ಮಾತು ಬಂದಾಗ ಪ್ರಸ್ತಾಪ ವೈದ್ಯರದು, ಒಪ್ಪುವುದೋ ಬಿಡುವುದೋ ಅವಳದು. ಅಂಥ ಒಪ್ಪಿಗೆಯ ಬೆಲೆ ಹಾವೇರಿ ಜಿಲ್ಲೆಗೆ ಗೊತ್ತಿದೆ. ಅನಗತ್ಯವಾಗಿ ತಮ್ಮ ಗರ್ಭಕೋಶ ತೆಗೆಯಲಾಯಿತೆಂದು ರಾಣೇಬೆನ್ನೂರು ತಾಲ್ಲೂಕಿನ ಲಂಬಾಣಿ ಹೆಣ್ಣುಮಕ್ಕಳು ಪರಿಹಾರಕ್ಕಾಗಿ ಬೀದಿಗಿಳಿದು ಹೋರಾಡಿದ ಜಿಲ್ಲೆಯಿದು.

ನೋವು ಇಳಿಸುವ ವಿಷಯದಲ್ಲಿ ಸಂಬಂಧ ತಿರುಗುಮುರುಗಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸುಗಳು ಎಪಿಡ್ಯೂರಲನ್ನು ನೋವು ಇಳಿಸಲು ಕೇಳುವ ಆರೋಗ್ಯವಂತ ಗರ್ಭಿಣಿಯರಿಗೆ, ಅವರ ಇಚ್ಛೆಯಂತೆ, ಹೇಳಿವೆ. ಕೇಳಬೇಕಾದವಳು ಅವಳು. ಕೇಳಲು, ಕೇಳಬಹುದಾದದ್ದು ಒಂದಿದೆ ಎಂಬುದು ಮೊದಲೇ ತಿಳಿದಿರಬೇಕು. ಅಂದರೆ ಈ ಒಪ್ಪಿಗೆಯ ವ್ಯಾಕರಣ ‘ನಾನು ಒಪ್ಪಿದ್ದೇನೆ’ ಎಂಬಲ್ಲಿ ಶುರುವಾಗದೆ ‘ನನಗೆ ಬೇಕು’, ‘ನನಗೆ ಬೇಡ’ ಎಂಬಲ್ಲಿ ಶುರುವಾಗಬೇಕು. ವಾಡಿಕೆಯ ಪತ್ರದಲ್ಲಿ ಬೇಕು ಎಂಬ ಪದಕ್ಕೂ ಬೇಡ ಎಂಬ ಪದಕ್ಕೂ ಸ್ಥಾನವಿಲ್ಲ.

ತಾಲ್ಲೂಕು ಮಟ್ಟದಲ್ಲಿ ಎಪಿಡ್ಯೂರಲ್ಲೇ ದುರ್ಲಭವಾಗಿರುವಾಗ ಅದರ ಪದಗಳ ಚರ್ಚೆ ಏಕೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ನಮ್ಮ ಉತ್ತರ ಎರಡು. ಅದೇ ಶಿಫಾರಸುಗಳಲ್ಲಿ ನೋವಿಳಿಸುವ ಚುಚ್ಚುಮದ್ದು, ಉಸಿರಾಟದ ಕ್ರಮ, ಬೆನ್ನು ತಿಕ್ಕುವುದು, ಬಿಸಿ ಶಾಖ, ಜೊತೆಗೊಬ್ಬ ಆಪ್ತರ ಇರವು ಎಲ್ಲವೂ ಇವೆ. ಇವುಗಳನ್ನೂ ಹೇಳಬೇಕು, ಬ್ಯಾನಿ ಸೂಜಿ ಕೊಡುವ ಮುಂಚೆಯೂ ಕೇಳಬೇಕು. ಎರಡನೆಯದಾಗಿ, ಇಲ್ಲಿ ಇಲ್ಲದ್ದು ಇನ್ನೆಲ್ಲೋ ಇದೆ ಎಂಬುದೂ ತಿಳುವಳಿಕೆಯ ಒಂದು ಭಾಗ. ಹೆಸರೇ ಇಲ್ಲದ ಸೌಲಭ್ಯವನ್ನು ಯಾರೂ ಬೇಡಲಾರರು, ಬೇಡಿಕೆ ಇಲ್ಲವೆಂಬ ನೆಪದಲ್ಲಿ ಅದು ಬರುವುದೂ ಇಲ್ಲ.

ಪತ್ರ ಕೈಗೆ ಬರುವ ಹೊತ್ತೂ ತಪ್ಪು. ಬೇನೆಯ ನಡುವೆ, ರಾತ್ರಿಪಾಳಿಯ ಒಬ್ಬ ದಾದಿ ಓದಿ ಹೇಳುವುದನ್ನು ಯಾರೂ ತೂಗಿ ನೋಡಲಾರರು. ಅದು ದಾದಿಯ ತಪ್ಪಲ್ಲ. 2016ರಿಂದ ಪ್ರತಿ ತಿಂಗಳ 9ರಂದು ಗರ್ಭಿಣಿಯರ ತಪಾಸಣೆ ನಡೆಯುವ ಕ್ರಮವಿದೆ. ಈ ಮಾತು ಅಲ್ಲಿ, ಆಶಾ ಕಾರ್ಯಕರ್ತೆಯ ಬಾಯಲ್ಲಿ, ಊರಿನ ಕನ್ನಡದಲ್ಲಿ ಮೊದಲಾಗಬೇಕು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ವಾಡಿಕೆಯಿರುವುದರಿಂದ ಗಂಡನ ಊರಿನಲ್ಲಿ ಕೇಳಿದ್ದು ತವರಿನ ಆಸ್ಪತ್ರೆಯಲ್ಲಿ ಕಳೆದುಹೋಗಬಾರದು. ಅದು ತಾಯಿ ಕಾರ್ಡಿನಲ್ಲಿಯೇ ಬರೆದಿರಬೇಕು.

5. ಬದಲಿ ಪಾಠ

ದೋಷ ತೋರಿಸಿ ಕೈತೊಳೆದುಕೊಳ್ಳುವುದು ವಿಮರ್ಶೆಯಲ್ಲವಾದ್ದರಿಂದ ಒಂದು ಪಾಠವನ್ನು ಸೂಚಿಸುತ್ತೇವೆ. ಜ್ವರ ಇಳಿಯುತ್ತದೆ, ವಿಷ ಇಳಿಯುತ್ತದೆ ಎನ್ನುವ ಕನ್ನಡಕ್ಕೆ ನೋವು ಇಳಿಸುವುದು ಹೊಸದಲ್ಲ. ಹೆರಿಗೆಯ ಸಂದರ್ಭದಲ್ಲಿ ಅರಿವಳಿಕೆಯ ಬದಲು ‘ನೋವಿಳಿಕೆ’ ಎನ್ನಬಹುದು. ಬೇನೆ ಎಂಬ ಪದವನ್ನು ಸಂಕೋಚನಕ್ಕೇ ಬಿಟ್ಟುಕೊಟ್ಟು ನೋವನ್ನು ಬೇರೆಯಾಗಿ ಹೆಸರಿಸಬೇಕು:

‘ಈ ಮದ್ದು ಕೊಟ್ಟರೂ ನನ್ನ ಬೇನೆ ನಿಲ್ಲುವುದಿಲ್ಲ, ಹೊಟ್ಟೆ ಬಿಗಿಯುತ್ತಲೇ ಇರುತ್ತದೆ, ಅದರ ನೋವು ಮಾತ್ರ ಇಳಿಯುತ್ತದೆ. ನಾನು ಎಚ್ಚರವಾಗಿರುತ್ತೇನೆ. ಕಾಲು ಭಾರವಾಗಬಹುದು, ರಕ್ತದ ಒತ್ತಡ ಇಳಿಯಬಹುದು, ಕೆಲವರಿಗೆ ಆಮೇಲೆ ತಲೆನೋವು ಬರಬಹುದು. ಇದನ್ನು ನನಗೆ ಇಂಥವರು, ಇಂಥ ದಿನ ಹೇಳಿದರು. ನನಗೆ ತಿಳಿದದ್ದನ್ನು ನಾನು ಅವರಿಗೆ ತಿರುಗಿ ಹೇಳಿದ್ದೇನೆ. ನನಗೆ ಬೇಕು. ನನಗೆ ಬೇಡ. ಈಗ ಬೇಡ, ಬೇಕಾದಾಗ ಕೇಳುತ್ತೇನೆ.’

ಕೊನೆಯ ಮೂರರಲ್ಲಿ ಒಂದಕ್ಕೆ ಅವಳೇ ಗುರುತು ಹಾಕಬೇಕು, ಮನಸ್ಸು ಬದಲಾದರೆ ಅಳಿಸಿ ಇನ್ನೊಂದಕ್ಕೆ ಹಾಕಲೂಬಹುದು. ತಿರುಗಿ ಹೇಳಿಸುವ ಸಾಲು ಈ ಪಾಠದ ಜೀವ. ತಿಳಿಸಿದ್ದು ತಿಳಿಯಿತೇ ಎಂಬುದಕ್ಕೆ ಅದರ ಹೊರತು ಬೇರೆ ಪುರಾವೆ ಭಾಷೆಯಲ್ಲಿ ಇಲ್ಲ.

ಈ ಪಾಠವೂ ಅಂತಿಮವಲ್ಲ. ಬ್ಯಾಡಗಿಯಲ್ಲಿ ಸಲ್ಲುವ ಪದ ಮಡಿಕೇರಿಯಲ್ಲೋ ಕಾಸರಗೋಡಿನಲ್ಲೋ ಸಲ್ಲದಿರಬಹುದು. ಆಯಾ ಸೀಮೆಯ ಹಡೆದ ಹೆಣ್ಣುಮಕ್ಕಳ ಮುಂದೆ ಓದಿ, ಅವರು ತಿರುಗಿ ಹೇಳಿದ್ದನ್ನು ಕೇಳಿ ತಿದ್ದಬೇಕು. ಪರಿಭಾಷೆಯ ಪಟ್ಟಿಗಳನ್ನು ಕಟ್ಟುವ ನಾವು ಇದುವರೆಗೆ ಆ ಕೆಲಸವನ್ನು ವೈದ್ಯರದೆಂದು ಬಿಟ್ಟಿದ್ದೇವೆ, ವೈದ್ಯರು ಅನುವಾದಕರದೆಂದು ಬಿಟ್ಟಿದ್ದಾರೆ. ಅಷ್ಟರಲ್ಲಿ ಕಾಗಿನೆಲೆಯಿಂದ ಹೊರಟ ಬಸುರಿ ಹಾವೇರಿ ಮುಟ್ಟಿರುತ್ತಾಳೆ, ಅವಳ ಮುಂದೆ ಹಳೆಯ ಪತ್ರವೇ ಇರುತ್ತದೆ.